ಇಂದ್ರಸಾರಥಿ ಮಾತಲಿ: ಜೀವಿತ ಮತ್ತು ವೃತ್ತಿ

ಕಾವ್ಯನಾಯಕರ ಚರಿತ್ರೆಯನ್ನು ಬರೆದವರು ಬಹುಮಂದಿ. ಆ ನಾಯಕರನ್ನು ರಥದಲ್ಲಿ ಕುಳ್ಳಿರಿಸಿಕೊಂಡು ಹೋದವರ ಚರಿತ್ರೆಯನ್ನು ಬರೆಯಹೊರಟವರು ವಿರಳ. ಇಂಗ್ಲಿಷಿನಲ್ಲಿ ನಕ್ಷತ್ರಲೋಕಗಳ ನಡುವೆ ನಡೆಯುವ ಯುದ್ಧ ಮತ್ತು ಸಾಹಸಗಳನ್ನು ಕುರಿತ ಒಂದು ಜನಪ್ರಿಯ ಕಥಾಪ್ರಕಾರವುಂಟು. 1941ರಲ್ಲಿ ವಿಲ್ಸನ್ ಟಕರ್ ಎಂಬ ಅಮೆರಿಕದ ಲೇಖಕನು ಈ ಬಗೆಯ ಸವಕಲು ಕಥೆಗಳನ್ನು ಹಳಿಯುವುದಕ್ಕಾಗಿ 'ಸ್ಪೇಸ್ ಆಪೆರಾ' ಎಂಬ ಹೆಸರನ್ನು ಬಳಸಿದನು. ನಿಂದೆಯಾಗಿ ಹುಟ್ಟಿದ ಹೆಸರು ಕ್ರಮೇಣ ಆ ಪ್ರಕಾರದ ಅಂಕಿತವಾಗಿಯೇ ನಿಂತಿತು. 1977ರಲ್ಲಿ ತೆರೆಕಂಡ 'ಸ್ಟಾರ್ ವಾರ್ಸ್' ಚಿತ್ರದಲ್ಲಿಯೂ, 1980 ಮತ್ತು 1983ರಲ್ಲಿ ಬಂದ ಅದರ ಮುಂದಿನ ಭಾಗಗಳಲ್ಲಿಯೂ ವೆಜ್ ಆಂಟಿಲೀಸ್ ಎಂಬ ಒಬ್ಬ ನೌಕಾಚಾಲಕನು ಕಾಣಿಸಿಕೊಳ್ಳುತ್ತಾನೆ. ಅವನ ಪಾಲಿಗೆ ಬಂದಿರುವ ಮಾತುಗಳು ಕೆಲವೇ. ಆದರೂ ಪ್ರೇಕ್ಷಕರು ಅವನನ್ನು ಮರೆಯಲಿಲ್ಲ. ಬಳಿಕ ಹೊರಬಂದ ಕಾದಂಬರಿಗಳು ಅವನಿಗೆ ತಂದೆತಾಯಿಗಳನ್ನೂ ಪೂರ್ವವೃತ್ತಾಂತವನ್ನೂ ಒದಗಿಸಿದುವು. ಕಥೆಯ ಅಂಚಿನಲ್ಲಿ ನಿಂತವನಿಗೂ ಒಂದು ಮನೆ ಇದ್ದಿರಬೇಕೆಂಬ ಓದುಗರ ಹಂಬಲವೇ ಇದಕ್ಕೆ ಕಾರಣವೆಂದು ತೋರುತ್ತದೆ.

ನಮ್ಮ ಸಾಹಿತ್ಯದಲ್ಲಿ ಇಂಥ ಚಾಲಕನೊಬ್ಬನನ್ನು ಹುಡುಕುವುದಾದರೆ ಮೊದಲು ನೆನಪಿಗೆ ಬರುವವನು ಇಂದ್ರನ ಸಾರಥಿಯಾದ ಮಾತಲಿ. ಸೂರ್ಯನ ಸಾರಥಿಯಾದ ಅರುಣನನ್ನು ಇಲ್ಲಿ ಹೆಸರಿಸಬಹುದಿತ್ತು. ಆದರೆ ಅರುಣನ ದಾರಿ ಒಂದೇ, ಅವನ ಒಡೆಯನೂ ಒಬ್ಬನೇ. ಮಾತಲಿಯಾದರೋ ಇಂದ್ರನ ಅಪ್ಪಣೆಯಂತೆ ಅರ್ಜುನನನ್ನೂ ರಾಮನನ್ನೂ ದುಷ್ಯಂತನನ್ನೂ ರಥದಲ್ಲಿ ಕೊಂಡೊಯ್ದವನು. ಇವನ ವಿಚಾರವು ವೇದ, ಇತಿಹಾಸ, ಪಾಲಿ ಗ್ರಂಥಗಳು, ನಾಟಕ, ಪುರಾಣ ಎಂದು ಅನೇಕ ಕಡೆಗಳಲ್ಲಿ ಚೆದರಿಹೋಗಿದೆ. ಅದನ್ನು ಒಂದೆಡೆ ಕೂಡಿಸಿ, ಅದರಿಂದ ಒಂದು ಜೀವಿತದ ರೂಪವು ಮೂಡುವುದೇ ಎಂದು ನೋಡುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಚಾರಕ್ಕೂ ಕೃಷ್ಣಾತೀರದ ಗಲಗಲಿಗೂ ಒಂದು ನಂಟಿದೆ. ಗಲಗಲಿಯು ಗಾಲವ ಋಷಿಯ ತಪೋಭೂಮಿಯೆಂದು ಸ್ಥಳೀಯ ಐತಿಹ್ಯ. ಊರಿನ ಹೆಸರೂ ಆ ಋಷಿಯಿಂದಲೇ ಬಂದಿತೆಂದು ಅಲ್ಲಿಯವರು ನಂಬುತ್ತಾರೆ. ಐತಿಹ್ಯವನ್ನು ಶಾಸನದಂತೆ ಪ್ರಮಾಣವಾಗಿ ಹಿಡಿಯಲಾಗದು. ಆದರೆ ಗಾಲವನ ಕಥೆಯು ಮಹಾಭಾರತದಲ್ಲಿ ಎಲ್ಲಿ ಬರುತ್ತದೆಂಬುದು ಗಮನಾರ್ಹ. ಪುಣೆಯ ಭಂಡಾರ್ಕರ್ ಸಂಶೋಧನ ಸಂಸ್ಥೆಗಾಗಿ ಸುಶೀಲಕುಮಾರ ಡೇ ಅವರು 1940ರಲ್ಲಿ ಸಂಪಾದಿಸಿದ ಉದ್ಯೋಗಪರ್ವವನ್ನು ತೆರೆದು ನೋಡಿದರೆ, ಶ್ರೀಕೃಷ್ಣನು ಸಂಧಿಗಾಗಿ ಹಸ್ತಿನಾವತಿಗೆ ಬಂದಾಗ ಕಣ್ವಮುನಿಯು ದುರ್ಯೋಧನನಿಗೆ ಮಾತಲಿಯ ಕಥೆಯನ್ನು ಹೇಳುತ್ತಾನೆ. ಅದು ಮುಗಿದೊಡನೆ ನಾರದನು ಗಾಲವನ ಕಥೆಯನ್ನು ಆರಂಭಿಸುತ್ತಾನೆ. ಗುರುವಾದ ವಿಶ್ವಾಮಿತ್ರನಿಗೆ ಒಂದು ಕಿವಿ ಮಾತ್ರ ಕಪ್ಪಾಗಿರುವ 800 ಬಿಳಿಯ ಕುದುರೆಗಳನ್ನು ದಕ್ಷಿಣೆಯಾಗಿ ಕೊಡಬೇಕಾಗಿ ಬಂದ ಗಾಲವನು ಗರುಡನ ಬೆನ್ನನ್ನೇರಿ ಆಕಾಶಮಾರ್ಗವಾಗಿ ಹೊರಡುತ್ತಾನೆ. ಪ್ರಯಾಣಿಕನಾಗಿ ಗಾಲವನು ಧೈರ್ಯಶಾಲಿಯಲ್ಲ. ರೆಕ್ಕೆಗಳ ಗಾಳಿಗೆ ಸಮುದ್ರವೂ ಬೆಟ್ಟಗಳೂ ತನ್ನೊಡನೆ ಎಳೆದುಕೊಂಡು ಬರುತ್ತಿರುವಂತೆ ಅವನಿಗೆ ತೋರುತ್ತದೆ. ಕಿವಿ ಕೇಳಿಸದು, ತನ್ನ ಮೈಯೇ ತನಗೆ ಕಾಣಿಸದು, ಗರುಡನ ಎರಡು ಕಣ್ಣುಗಳು ಮಾತ್ರ ಮಣಿಗಳಂತೆ ಹೊಳೆಯುತ್ತಿರುತ್ತವೆ. ನಿಲ್ಲಿಸೆಂದು ಅವನು ಬೇಡಿಕೊಳ್ಳುತ್ತಾನೆ, ಗರುಡನು ನಗುತ್ತಾನೆ. ಆಕಾಶಯಾನದ ಭಯವನ್ನು ಪ್ರಯಾಣಿಕನ ಬಾಯಿಂದಲೇ ಇಷ್ಟು ವಿವರವಾಗಿ ಹೇಳಿಸಿರುವ ಭಾಗಗಳು ನಮ್ಮ ಪ್ರಾಚೀನ ಸಾಹಿತ್ಯದಲ್ಲಿ ಹೆಚ್ಚಿಲ್ಲ. ಅದರ ಪಕ್ಕದಲ್ಲಿಯೇ ಚಾಲಕನ ಕಥೆಯೂ ಇರುವುದು ಸಂಪಾದಕರ ಜೋಡಣೆಯಲ್ಲ, ಮೂಲದ್ದೇ ಕ್ರಮ.

ಮಾತಲಿಯ ಮೂಲವು ಅಸ್ಪಷ್ಟ. ಋಗ್ವೇದದ ಹತ್ತನೆಯ ಮಂಡಲದ ಯಮಸೂಕ್ತದಲ್ಲಿ ಮಾತಲೀ ಎಂಬ ಹೆಸರು ಪಿತೃಗಣಗಳ ಜೊತೆಯಲ್ಲಿ ಬರುತ್ತದೆ. ಅಲ್ಲಿ ರಥವೂ ಇಲ್ಲ, ಹಗ್ಗವೂ ಇಲ್ಲ. ಅಥರ್ವವೇದದ ಹನ್ನೊಂದನೆಯ ಕಾಂಡದಲ್ಲಿ, ರಥವನ್ನು ಬೆಲೆಯಾಗಿ ತೆತ್ತು ಕೊಂಡ ಅಮೃತವೊಂದುಂಟು, ಅದು ಔಷಧ, ಅದನ್ನು ಮಾತಲಿಯು ಬಲ್ಲನು ಎಂಬ ಅರ್ಥದ ಮಾತಿದೆ. ಈ ಹೆಸರಿನ ವ್ಯಕ್ತಿಗೂ ಇತಿಹಾಸಗಳ ಸಾರಥಿಗೂ ನಡುವೆ ಎಷ್ಟು ಸಂಬಂಧವಿದೆಯೆಂಬುದು ವಾದಗ್ರಸ್ತವಾದರೂ, ರಥ ಮತ್ತು ಅಮೃತ ಎಂಬ ಎರಡು ಪದಾರ್ಥಗಳು ಇಲ್ಲಿಯೇ ಅವನ ಹೆಸರಿಗೆ ಅಂಟಿಕೊಂಡಿರುವುದನ್ನು ನೆನಪಿನಲ್ಲಿಡತಕ್ಕದ್ದು. ಅಮೃತದ ಮಾತು ಅವನ ಬಾಳಿನಲ್ಲಿ ಮತ್ತೊಮ್ಮೆ, ಬಹು ಕಹಿಯಾದ ರೀತಿಯಲ್ಲಿ ಬರಲಿದೆ.

ವೃತ್ತಿಯಲ್ಲಿ ಅವನನ್ನು ಸಮೀಪದಿಂದ ಕಾಣಬೇಕಾದರೆ ಅರಣ್ಯಪರ್ವಕ್ಕೆ ಹೋಗಬೇಕು. ಪಾಶುಪತಾಸ್ತ್ರವನ್ನು ಪಡೆದ ಅರ್ಜುನನನ್ನು ಕರೆತರಲು ಇಂದ್ರನು ಮಾತಲಿಯನ್ನು ಕಳುಹಿಸುತ್ತಾನೆ. ರಥಕ್ಕೆ ಹೂಡಿದ ಕುದುರೆಗಳು ಹತ್ತು ಸಾವಿರ. ಅರ್ಜುನನು ಒಡನೆಯೇ ರಥವನ್ನು ಹತ್ತುವುದಿಲ್ಲ. ಮೊದಲು ನೀನು ಏರಿ ಕುದುರೆಗಳನ್ನು ಹಿಡಿತಕ್ಕೆ ತಂದುಕೋ, ಆಮೇಲೆ ನಾನು ಏರುವೆನು ಎನ್ನುತ್ತಾನೆ. ಬಳಿಕ ತನಗೆ ಆಶ್ರಯವಿತ್ತ ಮಂದರಪರ್ವತಕ್ಕೆ ವಂದಿಸಿ ಹೊರಡುತ್ತಾನೆ. ರಥವು ಮನುಷ್ಯರ ಕಣ್ಣಿಗೆ ಕಾಣದ ಎಡೆಯನ್ನು ಸೇರಿದಾಗ ಅಲ್ಲಿ ಸೂರ್ಯನಿಲ್ಲ, ಚಂದ್ರನಿಲ್ಲ, ಅಗ್ನಿಯಿಲ್ಲ. ಆದರೂ ಸಾವಿರಾರು ವಿಮಾನಗಳು ತಮ್ಮ ಬೆಳಕಿನಿಂದಲೇ ಬೆಳಗುತ್ತಿವೆ. ಇವು ಏನೆಂದು ಅರ್ಜುನನು ಕೇಳಲು ಮಾತಲಿಯು ಉತ್ತರ ಕೊಡುತ್ತಾನೆ: ಭೂಮಿಯಲ್ಲಿ ನಿಂತು ನೀನು ನಕ್ಷತ್ರಗಳೆಂದು ಕಂಡವು ಇವೇ, ತಮ್ಮ ತಮ್ಮ ನೆಲೆಗಳಲ್ಲಿ ಇರುವ ಪುಣ್ಯವಂತರು ಇವರು. ನಿಜವಾಗಿ ಬಹು ದೊಡ್ಡವಾದ ಈ ಬೆಳಕುಗಳು ದೂರದ ಕಾರಣದಿಂದ ದೀಪದಂತೆ ಚಿಕ್ಕವಾಗಿ ಕಾಣುವುವೆಂದು ಕವಿಯು ಅಲ್ಲಿಯೇ ವಿವರಿಸುತ್ತಾನೆ. ಪುಣ್ಯವಂತರ ವಿಚಾರವು ನಂಬಿಕೆಯ ಮಾತು. ದೂರದಿಂದ ಗಾತ್ರವು ಕುಗ್ಗಿ ತೋರುವುದೆಂಬುದು ನೋಟದ ಮಾತು. ಎರಡೂ ಒಂದೇ ಕಡೆ ಸೇರಿರುವುದು ಈ ಭಾಗದ ಸೊಗಸು. ಪ್ರಾಚೀನರಿಗೆ ಖಗೋಳವಿಜ್ಞಾನವೆಲ್ಲ ತಿಳಿದಿತ್ತೆಂದು ಇದರಿಂದ ಸಾಧಿಸಹೊರಡುವವರ ಪಂಕ್ತಿಗೆ ನಾವು ಸೇರುವುದಿಲ್ಲ. ನಕ್ಷತ್ರಗಳ ನಡುವೆ ಹಾದುಹೋಗುವವನಿಗೆ ಅವು ಹೇಗೆ ಕಂಡಾವೆಂದು ಕವಿಯೊಬ್ಬನು ಕುಳಿತು ಯೋಚಿಸಿದ್ದನೆಂಬುದಷ್ಟೇ ಇಲ್ಲಿ ಸಿದ್ಧವಾಗುವುದು.

ಐದು ವರ್ಷಗಳ ಸ್ವರ್ಗವಾಸದ ಬಳಿಕ ಹಿಂದಿರುಗಿದ ಅರ್ಜುನನು ತನ್ನ ಸೋದರರಿಗೆ ಆ ಪ್ರಯಾಣವನ್ನು ತಾನೇ ವರ್ಣಿಸುವಾಗ ಮತ್ತೊಂದು ವಿವರವನ್ನು ಸೇರಿಸುತ್ತಾನೆ. ಕುದುರೆಗಳು ಮೊದಲ ಬಾರಿಗೆ ನೆಗೆದಾಗ ಮಾತಲಿಯು ಹಿಂದಿರುಗಿ ಅವನ ಮುಖವನ್ನು ನೋಡಿ ಬೆರಗಾದನಂತೆ. ಈ ಮೊದಲ ನೆಗೆತಕ್ಕೆ ದೇವರಾಜನೂ ತೂಗಾಡುವುದನ್ನು ನಾನು ಯಾವಾಗಲೂ ಕಂಡಿದ್ದೇನೆ. ನೀನು ಮಾತ್ರ ಅಲುಗದೆ ನಿಂತಿರುವೆ ಎಂದು ಅವನು ಹೇಳಿದನು. ಇದು ಅರ್ಜುನನ ಸ್ತುತಿಗಾಗಿ ಬಂದ ಮಾತೆಂಬುದರಲ್ಲಿ ಸಂಶಯವಿಲ್ಲ. ಆದರೆ ಚರಿತ್ರಕಾರನು ಅದನ್ನು ಬೇರೊಂದು ಬಗೆಯಲ್ಲಿಯೂ ಓದಬಹುದು. ವಜ್ರಾಯುಧವನ್ನು ಹಿಡಿದ ಇಂದ್ರನು ರಥ ಹೊರಡುವಾಗ ಪ್ರತಿಸಲವೂ ತುಸು ತಡವರಿಸುತ್ತಾನೆಂಬುದು ದೇವಸಭೆಗೆ ತಿಳಿಯದು, ಋಷಿಗಳಿಗೆ ತಿಳಿಯದು. ಮುಂದೆ ಕುಳಿತು ಹಗ್ಗ ಹಿಡಿದವನಿಗೆ ಮಾತ್ರ ತಿಳಿಯುವ ಸಂಗತಿಯದು.

ನಿವಾತಕವಚರೊಡನೆ ನಡೆದ ಯುದ್ಧದಲ್ಲಿ ಮಾತಲಿಯ ಇನ್ನೊಂದು ಮುಖವು ಕಾಣುತ್ತದೆ. ಮೂರು ಕೋಟಿ ದಾನವರು ಸಮುದ್ರದೊಳಗಿನ ಕೋಟೆಯಲ್ಲಿದ್ದಾರೆ. ಅವರ ಮಾಯೆಯಿಂದ ಕತ್ತಲೆ ಕವಿಯುತ್ತದೆ, ಕುದುರೆಗಳು ಮುಗ್ಗರಿಸುತ್ತವೆ, ಸಾರಥಿಯ ಕೈಯಿಂದ ಚಿನ್ನದ ಚಾವಟಿಯು ಜಾರಿ ಬೀಳುತ್ತದೆ. ಎಲ್ಲಿರುವೆ, ಎಲ್ಲಿರುವೆ ಎಂದು ಅವನು ಅರ್ಜುನನನ್ನು ಮತ್ತೆ ಮತ್ತೆ ಕೂಗುತ್ತಾನೆ. ಆಮೇಲೆ ತಾನು ಕಂಡ ಯುದ್ಧಗಳನ್ನು ಒಂದೊಂದಾಗಿ ಎಣಿಸುತ್ತಾನೆ: ಅಮೃತಕ್ಕಾಗಿ ನಡೆದ ಯುದ್ಧ, ಶಂಬರನ ವಧೆ, ವೃತ್ರನ ವಧೆ, ವಿರೋಚನಪುತ್ರನಾದ ಬಲಿಯೊಡನೆ ನಡೆದ ಕಾಳಗ. ಈ ಎಲ್ಲ ಘೋರಸಂಗ್ರಾಮಗಳಲ್ಲಿ ರಥವನ್ನು ನಡೆಸಿದೆನು, ಎಂದೂ ಹೀಗೆ ಎಚ್ಚರ ತಪ್ಪಿದವನಲ್ಲ ಎನ್ನುತ್ತಾನೆ. ದೇವಾಸುರಯುದ್ಧಗಳ ಸಂಪೂರ್ಣ ಸೇವಾಪಟ್ಟಿಯೊಂದು ಭಯದ ಗಳಿಗೆಯಲ್ಲಿ ಅವನ ಬಾಯಿಂದ ಹೊರಬಿದ್ದಿರುವುದು ವಿಚಿತ್ರವಾದರೂ ಅಸಹಜವಲ್ಲ. ದೀರ್ಘಕಾಲ ಒಂದೇ ಉದ್ಯೋಗದಲ್ಲಿದ್ದವರು ಕೈಸೋತಾಗ ಹಳೆಯ ದಿನಗಳನ್ನು ಎಣಿಸುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅವನು ಹೆದರಿದ್ದನ್ನು ಕಂಡು ತನಗೂ ಭಯವಾಯಿತೆಂದು ಅರ್ಜುನನು ಮರೆಮಾಚದೆ ಒಪ್ಪಿಕೊಳ್ಳುತ್ತಾನೆ; ಬಳಿಕ ತನ್ನನ್ನು ತಾನು ಬಿಗಿಹಿಡಿದುಕೊಂಡು, ಸಾರಥಿಗೆ ಧೈರ್ಯ ಹೇಳಿ ಮಾಯೆಯನ್ನು ಹರಿಯುತ್ತಾನೆ. ಗದುಗಿನ ಕುಮಾರವ್ಯಾಸನ ಕೃತಿಯ ಮೂಲಕ ಅರ್ಜುನನ ಸ್ವರ್ಗಯಾತ್ರೆಯು ಕನ್ನಡನಾಡಿನ ಮನೆಮನೆಯ ಕಥೆಯಾಗಿದೆ. ಗಮಕವಾಚನವನ್ನು ಕೇಳಿದ ಹಳ್ಳಿಯ ಮುದುಕರಿಗೆ ಮಾತಲಿಯೆಂದರೆ ರಥ ತಂದು ನಿಲ್ಲಿಸುವವನು. ಅವನ ಚಾವಟಿಯು ಕೈಜಾರಿದ ಸಂಗತಿಗಿಂತ ಊರ್ವಶಿಯ ಶಾಪವೇ ಅವರ ನೆನಪಿನಲ್ಲಿ ಉಳಿದಿರುವುದು.

ರಾಮಾಯಣದ ಯುದ್ಧಕಾಂಡದಲ್ಲಿ ಮಾತಲಿಯ ಕೆಲಸ ಇನ್ನೂ ಸೂಕ್ಷ್ಮವಾದುದು. ರಾವಣನು ರಥದಲ್ಲಿಯೂ ರಾಮನು ನೆಲದ ಮೇಲೆಯೂ ನಿಂತು ಕಾದುವುದು ಸಮವಲ್ಲವೆಂದು ಇಂದ್ರನು ತನ್ನ ರಥವನ್ನು ಮಾತಲಿಯೊಡನೆ ಕಳುಹಿಸುತ್ತಾನೆ. ಯುದ್ಧದ ನಡುವೆ ರಾಮನು ಸಾರಥಿಗೆ ರಥ ನಡೆಸುವ ವಿಚಾರವಾಗಿ ಕೆಲವು ಸೂಚನೆಗಳನ್ನು ಕೊಟ್ಟು, ಇಂದ್ರನ ರಥವನ್ನು ನಡೆಸುವ ನಿನಗೆ ಕಲಿಸುತ್ತಿಲ್ಲ, ನೆನಪುಮಾಡಿಕೊಡುತ್ತಿದ್ದೇನೆ ಅಷ್ಟೆ ಎಂದು ವಿನಯದಿಂದ ಸೇರಿಸುತ್ತಾನೆ. ಕಡೆಯಲ್ಲಿ ರಾವಣನ ತಲೆಗಳು ಕಡಿದಷ್ಟೂ ಮೂಡತೊಡಗಿದಾಗ, ತಿಳಿಯದವನಂತೆ ಏಕೆ ಹೀಗೆ ಹೋರಾಡುವೆ, ಬ್ರಹ್ಮಾಸ್ತ್ರವನ್ನು ಬಿಡು ಎಂದು ರಾಮನಿಗೆ ನೆನಪು ಮಾಡುವವನು ಮಾತಲಿಯೇ. ರಾಮನು ಕೊಟ್ಟ ನೆನಪನ್ನು ಸಾರಥಿಯು ಹೀಗೆ ಹಿಂದಿರುಗಿಸುತ್ತಾನೆ. ಇದೇ ಕಾಂಡದಲ್ಲಿ ರಾವಣನ ಸಾರಥಿಯೊಬ್ಬನು ಸೋತ ಒಡೆಯನನ್ನು ರಣದಿಂದ ಹೊರಗೆ ಒಯ್ದು ಬೈಗುಳವನ್ನು ತಿನ್ನುತ್ತಾನೆ. ದೇಶಕಾಲಗಳನ್ನು, ಕುದುರೆಗಳ ಬಳಲಿಕೆಯನ್ನು, ರಥಿಕನ ಮನಸ್ಸಿನ ದೈನ್ಯವನ್ನು ಅರಿತು ನಡೆಯುವುದೇ ಸಾರಥಿಯ ಧರ್ಮವೆಂದು ಅವನು ಕೊಡುವ ಉತ್ತರವು ಈ ವೃತ್ತಿಯನ್ನು ಕುರಿತು ವಾಲ್ಮೀಕಿಯಲ್ಲಿ ದೊರೆಯುವ ಅತ್ಯುತ್ತಮ ವಿವರಣೆ. ರಾವಣನು ಮೆಚ್ಚಿ ಕೈಯ ಆಭರಣವೊಂದನ್ನು ಕೊಡುತ್ತಾನೆ. ಕವಿಯು ಮಾತ್ರ ಅವನಿಗೆ ಹೆಸರನ್ನೂ ಕೊಟ್ಟಿಲ್ಲ. ಮಾತಲಿಗೆ ಹೆಸರಾದರೂ ದಕ್ಕಿತೆಂಬುದು ಆಗ ಸಣ್ಣ ಮಾತೆನಿಸುವುದಿಲ್ಲ.

ಕನ್ನಡದಲ್ಲಿ ವಾಲ್ಮೀಕಿಯ ಜಾಡನ್ನು ಹಿಡಿದ ತೊರವೆ ರಾಮಾಯಣವು ವಿಜಯಪುರದ ಬಳಿಯ ತೊರವೆಯಲ್ಲಿ ಹುಟ್ಟಿದ್ದು. ಇಂದ್ರರಥವು ಅಲ್ಲಿ ಉಳಿದುಬಂದಿದೆ. ಅಭಿನವಪಂಪನೆನಿಸಿದ ನಾಗಚಂದ್ರನ ಜೈನರಾಮಾಯಣದಲ್ಲಿ ಪರಿಸ್ಥಿತಿಯು ಬೇರೆ. ಜೈನಸಂಪ್ರದಾಯದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಇಂದ್ರನಾದರೋ ರಾವಣನಿಗೆ ಸೋತ ಒಬ್ಬ ವಿದ್ಯಾಧರ ದೊರೆ. ಆದಕಾರಣ ಸ್ವರ್ಗದಿಂದ ಇಳಿದುಬರುವ ಸಾರಥಿಗೆ ಅಲ್ಲಿ ಮೊದಲಿನ ಎಡೆಯಿಲ್ಲ. ಒಡೆಯನ ಪದವಿಯು ಕುಸಿದರೆ ಆಳಿನ ಉದ್ಯೋಗವೂ ಹೋಗುತ್ತದೆಂಬುದಕ್ಕೆ ಸಾಹಿತ್ಯಚರಿತ್ರೆಯಲ್ಲಿಯೂ ಉದಾಹರಣೆಗಳಿವೆ.

ಪಾಲಿ ಗ್ರಂಥಗಳ ಮಾತಲಿಯನ್ನು ಸಂಕ್ಷೇಪವಾಗಿ ನೋಡಿ ಮುಂದುವರಿಯಬಹುದು. ಅಲ್ಲಿ ಶಕ್ರನ ರಥಕ್ಕೆ ಕುದುರೆಗಳು ಸಾವಿರ; ಸಾರಥಿಯ ಬಿರುದು ಸಂಗಾಹಕ. ಅಸುರರಿಗೆ ಸೋತು ಹಿಮ್ಮೆಟ್ಟುವಾಗ ಗರುಡಪಕ್ಷಿಗಳ ಗೂಡುಗಳು ರಥದ ದಾರಿಯಲ್ಲಿ ಸಿಕ್ಕಿ ನಾಶವಾಗುವುವೆಂದು ತಿಳಿದ ಶಕ್ರನು, ಶತ್ರುವಿನ ಕೈಗೆ ಸಿಕ್ಕಿದರೂ ಚಿಂತೆಯಿಲ್ಲ, ರಥವನ್ನು ತಿರುಗಿಸೆನ್ನುತ್ತಾನೆ, ಮಾತಲಿಯು ತಿರುಗಿಸುತ್ತಾನೆ. ಕಟ್ಟುಗಳಲ್ಲಿದ್ದ ಅಸುರರಾಜ ವೇಪಚಿತ್ತಿಯು ಬೈಯುತ್ತಿರಲು, ನೀನು ಸಹಿಸುವುದು ಭಯದಿಂದಲೋ ದೌರ್ಬಲ್ಯದಿಂದಲೋ ಎಂದು ಒಡೆಯನನ್ನೇ ಕೇಳುವಷ್ಟು ಸಲಿಗೆ ಅವನಿಗಿದೆ. ನಿಮಿಜಾತಕದಲ್ಲಿ ನಿಮಿರಾಜನನ್ನು ಸ್ವರ್ಗಕ್ಕೆ ಕರೆತರಹೋಗಿ, ದಾರಿಯಲ್ಲಿ ನರಕಗಳನ್ನೂ ವಿಮಾನಗಳನ್ನೂ ಒಂದೊಂದಾಗಿ ತೋರಿಸುತ್ತ ಎಷ್ಟು ಹೊತ್ತು ಕಳೆಯುತ್ತಾನೆಂದರೆ, ಬೇಗ ಬಾರೆಂದು ಶಕ್ರನು ಆಳನ್ನಟ್ಟಬೇಕಾಗುತ್ತದೆ. ದಾರಿ ತೋರಿಸುವುದರಲ್ಲಿ ಅವನಿಗೆ ಆಸೆಯಿತ್ತೆಂದು ತೋರುತ್ತದೆ.

ಕಾಳಿದಾಸನ ಶಾಕುಂತಲದಲ್ಲಿ ಆ ಆಸೆಗೆ ಕಾವ್ಯದ ಬೆಲೆ ಬಂದಿದೆ. ಕಾಳಿದಾಸನ ಹೆಸರು ನಮ್ಮ ಈ ಭಾಗಕ್ಕೆ ಹೊಸತಲ್ಲ, ಕ್ರಿ.ಶ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಅವನನ್ನೂ ಭಾರವಿಯನ್ನೂ ಹೆಸರಿಸಿ ತನ್ನ ಕೀರ್ತಿಯನ್ನು ಅವರ ಕೀರ್ತಿಗೆ ಸರಿಗಟ್ಟಿಸಿದ್ದಾನೆ. ನಾಟಕದ ಆರನೆಯ ಅಂಕದಲ್ಲಿ ದುಃಖದಿಂದ ಜಡವಾಗಿದ್ದ ದುಷ್ಯಂತನನ್ನು ಎಚ್ಚರಿಸುವುದಕ್ಕಾಗಿ ಮಾತಲಿಯು ಅದೃಶ್ಯನಾಗಿ ವಿದೂಷಕನನ್ನು ಹಿಡಿದು ಗೋಳಾಡಿಸುತ್ತಾನೆ. ಏಳನೆಯ ಅಂಕದಲ್ಲಿ ರಥವು ಸ್ವರ್ಗದಿಂದ ಇಳಿಯುತ್ತದೆ. ಚಕ್ರದ ಅಂಚುಗಳು ಮೋಡದ ಹನಿಗಳಿಂದ ತೊಯ್ದಿರುತ್ತವೆ. ಬೆಟ್ಟದ ತುದಿಗಳಿಂದ ನೆಲವು ಕೆಳಗಿಳಿಯುವಂತೆ, ಭೂಮಿಯನ್ನು ಯಾರೋ ಮೇಲಕ್ಕೆತ್ತಿ ಹಿಡಿದು ತರುತ್ತಿರುವಂತೆ ತೋರುತ್ತದೆ. ರಥವು ನಿಂತಾಗ ಸದ್ದಿಲ್ಲ, ಧೂಳಿಲ್ಲ. ಇಳಿದದ್ದೇ ತಿಳಿಯಲಿಲ್ಲವೆಂದು ರಾಜನು ಹೇಳಲು, ಇಂದ್ರನಿಗೂ ನಿನಗೂ ಇರುವ ಭೇದ ಇಷ್ಟೇ ಎಂದು ಮಾತಲಿಯು ಉತ್ತರಿಸುತ್ತಾನೆ. ಬಳಿಕ ಮಾರೀಚನಿಗೆ ಸುದ್ದಿ ತಿಳಿಸಿ ಬರುವೆನೆಂದು ಅವನು ಹೊರಟುಹೋದುದರಿಂದಲೇ ದುಷ್ಯಂತನು ಒಬ್ಬಂಟಿಯಾಗಿ ತನ್ನ ಮಗನನ್ನು ಕಾಣುವಂತಾಯಿತು. ಅಂಕದ ಕೊನೆಯಲ್ಲಿ ಈ ಶುಭವಾರ್ತೆಯನ್ನು ಆಕಾಶಮಾರ್ಗವಾಗಿ ಹೋಗಿ ಕಣ್ವನಿಗೆ ತಿಳಿಸೆಂದು ಮಾರೀಚನು ತನ್ನ ಶಿಷ್ಯನೊಬ್ಬನನ್ನು ಕರೆಯುತ್ತಾನೆ. ಆ ಶಿಷ್ಯನ ಹೆಸರು ಗಾಲವ. ಮಾತಲಿ, ಕಣ್ವ, ಗಾಲವ ಎಂಬ ಮೂರು ಹೆಸರುಗಳು ಉದ್ಯೋಗಪರ್ವದಲ್ಲಿ ಅಕ್ಕಪಕ್ಕದಲ್ಲಿವೆ, ಇಲ್ಲಿಯೂ ಅಕ್ಕಪಕ್ಕದಲ್ಲಿವೆ. ಇಬ್ಬರು ಗಾಲವರೂ ಒಬ್ಬನೇ ಎಂದು ವಾದಿಸುವುದು ನಮ್ಮ ಉದ್ದೇಶವಲ್ಲ. ಆಕಾಶದಲ್ಲಿ ಹೋಗಬೇಕಾದವನಿಗೆ ಈ ಹೆಸರು ಕಾಳಿದಾಸನಿಗೆ ತಾನಾಗಿಯೇ ಹೊಳೆದಿದ್ದರೆ ಅದಕ್ಕೆ ಗರುಡನ ಬೆನ್ನಿನ ಕಥೆಯು ಕಾರಣವಾಗಿರಬಹುದೆಂಬುದು ನಮ್ಮ ಊಹೆ.

ಯುದ್ಧದಲ್ಲಿ ಅವನಿಗಾದ ಗಾಯದ ವಿಚಾರವನ್ನು ಭಾಗವತದ ಎಂಟನೆಯ ಸ್ಕಂಧವು ಹೇಳುತ್ತದೆ. ಜಂಭಾಸುರನು ಮಾತಲಿಯು ರಥ ನಡೆಸುವ ಚಾತುರ್ಯವನ್ನು ಮೆಚ್ಚುತ್ತಲೇ, ನಗುತ್ತ, ಉರಿಯುವ ಶೂಲದಿಂದ ಅವನನ್ನು ತಿವಿಯುತ್ತಾನೆ. ಮಾತಲಿಯು ಆ ನೋವನ್ನು ಸಹಿಸಿಕೊಳ್ಳುತ್ತಾನೆ. ಇಂದ್ರನು ಜಂಭನ ತಲೆಯನ್ನು ತೆಗೆಯುತ್ತಾನೆ. ಶತ್ರುವಿನ ಬಾಯಿಂದ ಬಂದ ಮೆಚ್ಚಿಗೆಯೂ ಇರಿತವೂ ಒಂದೇ ಕ್ಷಣದವು.

ಇಲ್ಲಿಯವರೆಗೆ ಕಂಡದ್ದೆಲ್ಲ ಸೇವೆ. ಪ್ರತಿಯೊಂದು ಸಂದರ್ಭದಲ್ಲಿಯೂ ಮಾತಲಿಯ ಹಿಂದೆ ಯಾರೋ ಒಬ್ಬರು ಕುಳಿತಿದ್ದಾರೆ. ಕುಳಿತವರಿಗಾಗಿ ಕವಿಯು ಅವನನ್ನು ನೋಡಿದ್ದಾನೆ. ಕಣ್ವನು ಹೇಳುವ ಕಥೆಯಲ್ಲಿ ಮಾತ್ರ ರಥವಿಲ್ಲ. ಮಾತಲಿಗೆ ಸುಧರ್ಮೆಯೆಂಬ ಹೆಂಡತಿ, ಗೋಮುಖನೆಂಬ ಮಗ, ಗುಣಕೇಶಿಯೆಂಬ ಮಗಳು. ಮಗಳು ರೂಪದಲ್ಲಿ ಅಸಮಾನಳು, ಬೆಳೆದು ನಿಂತಿದ್ದಾಳೆ. ಅವಳನ್ನು ಕೊಡುವ ಕಾಲ ಬಂದಿತೆಂದು ತಂದೆಗೆ ಚಿಂತೆ ಹತ್ತುತ್ತದೆ. ತಾಯಿಯ ಕುಲ, ತಂದೆಯ ಕುಲ, ಸೇರಿದ ಮನೆ ಎಂಬ ಮೂರನ್ನೂ ಹೆಣ್ಣು ಸಂಶಯದಲ್ಲಿ ನಿಲ್ಲಿಸುತ್ತಾಳೆಂದು ಅವನು ತನ್ನೊಳಗೆ ಹೇಳಿಕೊಳ್ಳುವ ಮಾತು ಇಂದಿನ ಓದುಗರಿಗೆ ಹಿತವಾಗಲಾರದು. ಆದರೆ ಆ ಕಾಲದ ಗೃಹಸ್ಥನೊಬ್ಬನ ಅಳಲಾಗಿ ಅದು ಸತ್ಯ. ದೇವತೆಗಳಲ್ಲಿ, ದೈತ್ಯರಲ್ಲಿ, ಗಂಧರ್ವರಲ್ಲಿ, ಮನುಷ್ಯರಲ್ಲಿ, ಋಷಿಗಳಲ್ಲಿ ಅವನಿಗೆ ಒಪ್ಪುವ ವರನಿಲ್ಲ. ರಾತ್ರಿ ಹೆಂಡತಿಯೊಡನೆ ಆಲೋಚಿಸಿ, ನಾಗಲೋಕದಲ್ಲಿ ಹುಡುಕುವುದೆಂದು ನಿಶ್ಚಯಿಸಿ ಹೊರಡುತ್ತಾನೆ. ಅಷ್ಟು ಸಲ ಮೇಲೇರಿದವನು ತನ್ನ ಕೆಲಸಕ್ಕಾಗಿ ಇಳಿಯುವುದು ಪಾತಾಳಕ್ಕೆ.

ದಾರಿಯಲ್ಲಿ ವರುಣನನ್ನು ಕಾಣಲು ಹೊರಟಿದ್ದ ನಾರದನು ಎದುರಾಗುತ್ತಾನೆ. ಎಲ್ಲಿಗೆ ಪ್ರಯಾಣ, ಸೂತನೇ, ಸ್ವಂತ ಕೆಲಸಕ್ಕೋ ಇಂದ್ರನ ಅಪ್ಪಣೆಯಿಂದಲೋ ಎಂದು ಅವನು ಕೇಳುತ್ತಾನೆ. ಇದು ದಾರಿಹೋಕರ ಉಪಚಾರದ ಮಾತು. ಆದರೂ ಮಾತಲಿಯ ಸಮಗ್ರ ವೃತ್ತಾಂತವನ್ನು ಓದಿದವರಿಗೆ, ಅವನನ್ನು ಹೀಗೆ ಕೇಳಿದವರು ಇನ್ನೊಬ್ಬರಿಲ್ಲವೆಂದು ಹೊಳೆಯದಿರದು. ಸ್ವಂತ ಕೆಲಸವೆಂಬ ಸಾಧ್ಯತೆಯನ್ನು ಅವನಿಗೆ ಕೊಟ್ಟ ಪ್ರಶ್ನೆಯಿದು.

ಇಬ್ಬರೂ ಜೊತೆಯಾಗಿ ವರುಣಲೋಕವನ್ನೂ ಪಾತಾಳವನ್ನೂ ನೋಡಿ ಹಿರಣ್ಯಪುರಕ್ಕೆ ಬರುತ್ತಾರೆ. ಅದು ದಾನವರ ಪಟ್ಟಣ. ನೀನೂ ನಿನ್ನ ಮಗ ಗೋಮುಖನೂ, ಮಗನೊಡನೆ ಇಂದ್ರನೂ ಇವರಿಂದ ಎಷ್ಟೋ ಸಲ ಭ್ರಷ್ಟರಾಗಿ ಓಡಿರುವಿರಿ ಎಂದು ನಾರದನು ಮುಚ್ಚುಮರೆಯಿಲ್ಲದೆ ಹೇಳಿ, ಇಲ್ಲಿ ಯಾರಾದರೂ ವರನು ಹಿಡಿಸಿದನೇ ಎಂದು ಕೇಳುತ್ತಾನೆ. ಮಾತಲಿಯು ಒಪ್ಪುವುದಿಲ್ಲ. ದೇವದಾನವರು ಅಣ್ಣತಮ್ಮಂದಿರಾದರೂ ನಿತ್ಯವೈರಿಗಳು. ದೇವತೆಗಳಿಗೆ ಅಪ್ರಿಯವಾದುದನ್ನು ನಾನು ಮಾಡಲಾರೆನು, ಶತ್ರುಪಕ್ಷದೊಡನೆ ಬೀಗತನವು ನನಗೆ ಹೇಗೆ ರುಚಿಸೀತು ಎನ್ನುತ್ತಾನೆ. ಸ್ವಂತ ಕೆಲಸಕ್ಕೆ ಹೊರಟವನ ಜೊತೆಯಲ್ಲಿಯೇ ಒಡೆಯನ ಅಪ್ಪಣೆಯೂ ನಡೆದುಬಂದಿದೆ. ಅರಣ್ಯಪರ್ವದಲ್ಲಿ ಇದೇ ಹಿರಣ್ಯಪುರವನ್ನು ಅರ್ಜುನನು ನಾಶಮಾಡುವಾಗ ರಥ ನಡೆಸುವವನು ಮಾತಲಿಯೇ ಎಂಬುದನ್ನು ಇದರೊಡನೆ ಇಟ್ಟು ನೋಡಬೇಕು. ಕಣ್ವನು ಹೇಳುವುದು ಪುರಾತನ ಇತಿಹಾಸವಾದುದರಿಂದ ಕಾಲಕ್ರಮಕ್ಕೆ ತೊಡಕಿಲ್ಲ: ಯಾವ ಊರಿನಲ್ಲಿ ಅಳಿಯನನ್ನು ಬೇಡವೆಂದನೋ ಆ ಊರಿನ ಮೇಲೆ ಮುಂದೆ ರಥವನ್ನು ಹರಿಸಿದನು.

ಗರುಡವಂಶದ ಪಕ್ಷಿಗಳ ಲೋಕವನ್ನೂ ಸುರಭಿಯಿರುವ ರಸಾತಳವನ್ನೂ ದಾಟಿ ಭೋಗವತಿಯೆಂಬ ನಾಗನಗರಿಯಲ್ಲಿ ಸುಮುಖನೆಂಬ ತರುಣನನ್ನು ಕಂಡಾಗ ಮಾತಲಿಯ ಮನಸ್ಸು ನಿಲ್ಲುತ್ತದೆ. ಸುಮುಖನು ಐರಾವತಕುಲದವನು, ಆರ್ಯಕನ ಮೊಮ್ಮಗ. ಅವನ ತಂದೆ ಚಿಕುರನನ್ನು ಗರುಡನು ತಿಂದುಹಾಕಿದ್ದಾನೆ. ಒಂದು ತಿಂಗಳಲ್ಲಿ ಸುಮುಖನನ್ನೂ ತಿನ್ನುವೆನೆಂದು ಹೇಳಿಹೋಗಿದ್ದಾನೆ. ಇಂದ್ರನ ಗೆಳೆಯನಾದ ಇವನ ನಂಟು ಯಾರಿಗೆ ಬೇಡವೆಂದು ಹಿಗ್ಗುತ್ತಲೇ ಮುದುಕ ಆರ್ಯಕನು ಈ ಸಂಕಟವನ್ನು ತಿಳಿಸುತ್ತಾನೆ. ಮಾತಲಿಯು ಹಿಂಜರಿಯುವುದಿಲ್ಲ, ಹುಡುಗನನ್ನು ಕರೆದುಕೊಂಡು ಇಂದ್ರನ ಬಳಿಗೆ ಬರುತ್ತಾನೆ. ಅಲ್ಲಿದ್ದ ವಿಷ್ಣುವು ಇವನಿಗೆ ಅಮೃತವನ್ನು ಕೊಡೆಂದು ಸೂಚಿಸುತ್ತಾನೆ. ಇಂದ್ರನು ಗರುಡನ ಪರಾಕ್ರಮವನ್ನು ನೆನೆದು ಅಳುಕುತ್ತಾನೆ. ಕೊನೆಗೆ ಆಯುಸ್ಸನ್ನು ಕೊಡುತ್ತಾನೆ, ಅಮೃತವನ್ನು ಕೊಡುವುದಿಲ್ಲ. ಅಮೃತಕ್ಕಾಗಿ ನಡೆದ ಯುದ್ಧದಲ್ಲಿ ರಥ ನಡೆಸಿದವನು, ಅಥರ್ವವೇದದ ಪ್ರಕಾರ ಅಮೃತವನ್ನು ಬಲ್ಲವನು, ತನ್ನ ಅಳಿಯನಿಗೆ ಅದರ ಒಂದು ಹನಿಯನ್ನು ಪಡೆಯಲಾರದೆ ಹೋದನು. ಅವನು ಆಕ್ಷೇಪಿಸಿದನೆಂದು ಗ್ರಂಥದಲ್ಲಿಲ್ಲ. ಮದುವೆ ನಡೆಯಿತು. ಗುಣಕೇಶಿಯು ಈ ಕಥೆಯಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ತಂದೆಯಂತೆ ಅವಳಿಗೆ ಹೆಸರೊಂದು ದಕ್ಕಿದೆ.

ನಾರದನು ಬಳಸಿದ ಸೂತ ಎಂಬ ಸಂಬೋಧನೆಯನ್ನು ಚರಿತ್ರೆಯ ವಿದ್ಯಾರ್ಥಿಗಳು ಹಗುರವಾಗಿ ದಾಟಬಾರದು. ವೇದಕಾಲದ ರಾಜಸೂಯದಲ್ಲಿ ಅರಸನು ರತ್ನಿಗಳೆಂಬ ಅಧಿಕಾರಿಗಳ ಮನೆಗಳಿಗೆ ತಾನೇ ಹೋಗಿ ಹವಿಸ್ಸನ್ನರ್ಪಿಸಬೇಕಾಗಿತ್ತು. ಅವರಲ್ಲಿ ಸೂತನೂ ಇದ್ದಾನೆ, ಸಾರಥಿಯಾದ ಸಂಗ್ರಹೀತೃವೂ ಇದ್ದಾನೆ. ಪಾಲಿಯಲ್ಲಿ ಮಾತಲಿಗಿರುವ ಸಂಗಾಹಕನೆಂಬ ಬಿರುದು ಈ ಸಂಗ್ರಹೀತೃವಿನ ಪದವೇ. ಮನುಸ್ಮೃತಿಯ ಹತ್ತನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಸೂತನು ಪ್ರತಿಲೋಮಸಂಕರದಿಂದ ಹುಟ್ಟಿದವನು. ಕುದುರೆ ಮತ್ತು ರಥ ಅವನಿಗೆ ವಿಧಿಸಿದ ಜೀವನೋಪಾಯ. ಅರಸನು ಮನೆಗೆ ಬಂದು ಗೌರವಿಸುತ್ತಿದ್ದ ಅಧಿಕಾರಿಯ ಹೆಸರು ಹೀಗೆ ಒಂದು ಜಾತಿಯ ಹೆಸರಾಗಿ ಇಳಿಯಿತು. ಆದಿಪರ್ವದ ಅಸ್ತ್ರಪರೀಕ್ಷೆಯಲ್ಲಿ ಭೀಮನು ಕರ್ಣನಿಗೆ, ನಿನ್ನ ಕುಲಕ್ಕೆ ತಕ್ಕ ಚಾವಟಿಯನ್ನು ಹಿಡಿ ಎಂದು ಹೀಯಾಳಿಸುವನಷ್ಟೆ. ಆ ಚಾವಟಿ ಮಾತಲಿಯ ಕೈಯಲ್ಲಿ ಚಿನ್ನದ್ದಾಗಿತ್ತು. ಒಬ್ಬನನ್ನು ಸೂತನೆಂದು ಸಭೆಯಲ್ಲಿ ತಲೆತಗ್ಗಿಸುವಂತೆ ಮಾಡಿದ ಕಾವ್ಯದಲ್ಲಿಯೇ, ಇನ್ನೊಬ್ಬ ಸೂತನ ಮಗಳಿಗಾಗಿ ನಾಗಕುಲದ ಹಿರಿಯನು ಸಂತೋಷಪಡುತ್ತಾನೆ. ಕರ್ಣನ ಪಾಡನ್ನು ಕುರಿತು ಮರುಗಿದ ಪಂಪನ ನಾಡಿನಲ್ಲಿ ಮಾತಲಿಯ ಈ ಕಥೆಗೆ ಇನ್ನೂ ಹೆಚ್ಚಿನ ಪ್ರಚಾರವಿರಬೇಕಾಗಿತ್ತೆಂದು ನಮಗನಿಸುತ್ತದೆ.

ಆದರೆ ಕಣ್ವನು ಈ ಕಥೆಯನ್ನು ಹೇಳಿದುದು ಮಾತಲಿಗಾಗಿ ಅಲ್ಲ. ಅಳಿಯನು ಉಳಿದುದನ್ನು ಕೇಳಿ ಕೆರಳಿಬಂದ ಗರುಡನು ಇಂದ್ರನ ಮುಂದೆ ತನ್ನ ಬಲವನ್ನು ಕೊಚ್ಚಿಕೊಳ್ಳುತ್ತಾನೆ. ವಿಷ್ಣುವು ತನ್ನ ಒಂದು ತೋಳನ್ನು ಅವನ ಮೇಲಿಡಲು ಗರುಡನು ಕುಸಿದು ಬೀಳುತ್ತಾನೆ. ವಿಷ್ಣುವು ಸುಮುಖನನ್ನು ಕಾಲ್ಬೆರಳಿನಿಂದೆತ್ತಿ ಗರುಡನ ಎದೆಯ ಮೇಲೆ ಹಾಕುತ್ತಾನೆ. ಆ ವಿಷ್ಣುವೇ ಈ ಕೃಷ್ಣ, ಬಲವಂತನೆಂದು ಮೆರೆಯಬೇಡ, ಸಂಧಿ ಮಾಡಿಕೋ ಎಂಬುದು ಕಣ್ವನ ಅಭಿಪ್ರಾಯ. ಮಾತಲಿಯ ಮನೆಯ ಮದುವೆಯೂ ಕೊನೆಗೆ ಮತ್ತೊಬ್ಬರ ಮಹಿಮೆಗೆ ನೆಪವಾಯಿತು. ಕೇಳುತ್ತಿದ್ದ ದುರ್ಯೋಧನನು ಕರ್ಣನ ಕಡೆ ನೋಡಿ ಗಟ್ಟಿಯಾಗಿ ನಕ್ಕು, ಆನೆಯ ಸೊಂಡಿಲಿನಂಥ ತನ್ನ ತೊಡೆಯನ್ನು ತಟ್ಟಿಕೊಂಡು, ದೇವರು ನನ್ನನ್ನು ಹೇಗೆ ಮಾಡಿದನೋ ಹಾಗಿದ್ದೇನೆ, ಈ ಹರಟೆಯಿಂದೇನು ಎಂದನು. ಆ ನಗೆಯನ್ನು ಪಕ್ಕದಲ್ಲಿದ್ದು ಕಂಡವನು ಸೂತನ ಮನೆಯಲ್ಲಿ ಬೆಳೆದ ಕರ್ಣ. ತಟ್ಟಿಕೊಂಡ ಆ ತೊಡೆಯು ಮುರಿದ ಕಥೆಯನ್ನು ಕನ್ನಡದಲ್ಲಿ ಕಾವ್ಯವಾಗಿಸಿದವನು ಗಲಗಲಿಗೆ ನೆರೆಯಾದ ಮುಧೋಳದಲ್ಲಿ, ಬಳೆಗಾರರ ಕುಲದಲ್ಲಿ ಹುಟ್ಟಿದ ರನ್ನ.

ದುರ್ಯೋಧನನ ನಗೆಯ ಬಳಿಕ ಸಭೆಯಲ್ಲಿ ನಾರದನು ಮಾತಿಗೆ ತೊಡಗುತ್ತಾನೆ. ಮಾತಲಿಯೊಡನೆ ಪಾತಾಳವನ್ನು ಸುತ್ತಿದವನೇ ಅವನು. ಆ ಪ್ರಯಾಣದ ವಿಚಾರವಾಗಿ ಅವನು ಏನನ್ನೂ ಸೇರಿಸುವುದಿಲ್ಲ. ಹಠದ ಕೇಡನ್ನು ಕುರಿತು ಬೇರೊಂದು ಕಥೆಯನ್ನು ಎತ್ತಿಕೊಳ್ಳುತ್ತಾನೆ. ಅದರಲ್ಲಿ ಗುರುದಕ್ಷಿಣೆಗಾಗಿ ಕಂಗೆಟ್ಟ ಗಾಲವನ ಮುಂದೆ ಗೆಳೆಯನಾದ ಗರುಡನು ಬಂದು ನಿಲ್ಲುತ್ತಾನೆ. ಯಾವ ದಿಕ್ಕಿಗೆ ಮೊದಲು ಹೋಗೋಣವೆಂದು ಕೇಳುತ್ತಾನೆ. ಗಾಲವನು ಮೂಡಣ ದಿಕ್ಕನ್ನು ಆರಿಸಿ ಅವನ ಬೆನ್ನನ್ನೇರುತ್ತಾನೆ.